ಚೆಫಲೂನಲ್ಲಿ ಒಂದು ರಾತ್ರಿ ಉಳಿ, ಗೆಳೆಯಾ

ಪ್ರಿಯ ಗೆಳೆಯಾ,

ನೀನು ಕಳಿಸಿದ ಇಟಲಿಯ ಸಿಸಿಲಿ ದ್ವೀಪದ ಪ್ಲಾನ್ ಪೂರ್ತಿ ಓದಿದೆ. ಸೆಪ್ಟೆಂಬರ್ ಕೊನೆಗೆ ಹೊರಟಿದ್ದು ಬಹಳ ಒಳ್ಳೆಯದಾಯಿತು. ಆಗಸ್ಟಿನ ಜನಜಂಗುಳಿ ಕರಗಿರುತ್ತದೆ, ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ. ಆದರೆ ‘ಚೆಫಲೂ, ಅರ್ಧ ದಿನ, ಬೀಚ್’ ಅಂತ ಬರೆದಿದ್ದೀಯಲ್ಲ, ಅದೊಂದನ್ನು ಬದಲಾಯಿಸು ಅಂತ ಕೇಳಿಕೊಳ್ಳುವುದಕ್ಕೇ ಈ ಪತ್ರ. ಬೆಳಿಗ್ಗೆ ಸಿಸಿಲಿಯ ರಾಜಧಾನಿ ಪಲೆರ್ಮೋದಿಂದ ಬಂದು, ಮರಳಲ್ಲಿ ಮಲಗಿ, ಪಿಜ್ಜಾ ತಿಂದು, ಸಂಜೆ ರೈಲಿಗೆ ವಾಪಸ್ ಹೋಗುವವರೇ ಅಲ್ಲಿ ಜಾಸ್ತಿ. ನೀನು ಹಾಗೆ ಮಾಡಬೇಡ. ಅಮ್ಮನೂ ಜೊತೆಗಿರುತ್ತಾರೆ, ಒಂದು ರಾತ್ರಿ ಅಲ್ಲೇ ಉಳಿ.

ಯಾಕೆ ಅಂದರೆ ಆ ಪುಟ್ಟ ಊರಿನಲ್ಲಿ ಎರಡು ಮುಖಗಳಿವೆ. ಒಂದು ದೊಡ್ಡ ಚರ್ಚಿನ ಗೋಡೆಯ ಮೇಲೆ, ಬಂಗಾರದ ಹಿನ್ನೆಲೆಯಲ್ಲಿ. ಇನ್ನೊಂದು ಎದುರು ಗಲ್ಲಿಯ ಮ್ಯೂಸಿಯಂನಲ್ಲಿ, ಒಂದು ಸಣ್ಣ ಮರದ ಹಲಗೆಯ ಮೇಲೆ. ಅವುಗಳ ನಡುವೆ ಮುನ್ನೂರು ವರ್ಷಗಳ ಅಂತರ. ನಡೆದರೆ ಎರಡೇ ನಿಮಿಷ. ಇವೆರಡಕ್ಕೆ ಮೊದಲು ಸಮಯ ತೆಗೆದಿಡು, ಬೀಚು ಬೆಟ್ಟ ಎಲ್ಲ ಅದರ ಸುತ್ತ ಹೊಂದಿಸಿಕೊಂಡರೆ ಆಯಿತು.

ಹೋಗುವುದು ಸುಲಭ. ಪಲೆರ್ಮೋ ಚೆಂತ್ರಾಲೆ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಸಮುದ್ರದ ಕಡೆ ಕೂರಬೇಕಾದರೆ ಹೋಗುವಾಗ ಎಡಗಡೆ ಕಿಟಕಿ ಹಿಡಿ. ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರಂನಲ್ಲಿರುವ ಸಣ್ಣ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು, ಇಲ್ಲವಾದರೆ ದಂಡ ಬೀಳುತ್ತದೆ. ಇಳಿದ ಮೇಲೆ ಹಳೇ ಊರಿಗೆ ಹತ್ತು ನಿಮಿಷದ ನಡಿಗೆ, ಅಮ್ಮನೂ ಆರಾಮಾಗಿ ಬರುತ್ತಾರೆ.

ಕೊರ್ಸೋ ರುಜ್ಜೇರೋ ಅಂತ ಊರಿನ ಮುಖ್ಯ ಬೀದಿ. ಅದರಲ್ಲಿ ನಡೆಯುತ್ತಾ ಇರುವಾಗ ಬಲಗಡೆ ಇದ್ದಕ್ಕಿದ್ದಂತೆ ಚೌಕ ತೆರೆದುಕೊಂಡು ಚರ್ಚು ಕಾಣುತ್ತದೆ. ಅದರ ಬೆನ್ನಿಗೇ ನೆಟ್ಟಗೆ ನಿಂತ ದೊಡ್ಡ ಬಂಡೆ. ಆ ಬಂಡೆಯ ಮುಂದೆ ಬೇರೆ ಯಾವ ಕಟ್ಟಡವಾದರೂ ಸಣ್ಣದಾಗಿ ಬಿಡುತ್ತಿತ್ತು, ಇದು ಆಗಿಲ್ಲ. ಕಟ್ಟಿಸಿದವನು ಸಿಸಿಲಿಯ ನಾರ್ಮನ್ ದೊರೆ ಎರಡನೇ ರೋಜರ್. 1130ರಲ್ಲಿ ಪಟ್ಟಕ್ಕೆ ಬಂದ, 1131ರಲ್ಲೇ ಇದಕ್ಕೆ ಅಡಿಪಾಯ ಹಾಕಿಸಿದ. ಬಿರುಗಾಳಿಗೆ ಸಿಕ್ಕ ಅವನ ಹಡಗು ಈ ದಡ ಸೇರಿತು, ಬದುಕಿಸಿದ ದೇವರಿಗೆ ಹರಕೆ ತೀರಿಸಲು ಚರ್ಚು ಕಟ್ಟಿಸಿದ ಅಂತ ಊರಿನವರು ಹೇಳುವ ಕತೆ. ಎರಡು ಗೋಪುರಗಳನ್ನು ಒಮ್ಮೆ ಗಮನವಿಟ್ಟು ನೋಡು. ದೂರದಿಂದ ಜೋಡಿಯಂತೆ ಕಂಡರೂ ಒಂದರ ತುದಿ ನಾಲ್ಕು ಮೂಲೆಯದು, ಇನ್ನೊಂದರದು ಎಂಟು ಮೂಲೆಯದು.

ಒಳಗೆ ಹೋದ ಕೂಡಲೇ ಮುಂದಕ್ಕೆ ಓಡಬೇಡ. ಬಾಗಿಲ ಹತ್ತಿರವೇ ಒಂದು ಕ್ಷಣ ನಿಲ್ಲು. ಗೋಡೆಗಳೆಲ್ಲ ಬೋಳು, ಕಂಬಗಳು ಸಾದಾ. ಆ ಬೋಳು ಹಾಲ್‌ನ ಕೊನೆಯಲ್ಲಿ, ಅರ್ಧ ಗುಮ್ಮಟದ ತುಂಬ, ಕ್ರಿಸ್ತನ ಮುಖ. 1148ರ ಹೊತ್ತಿಗೆ ಬೈಜಾಂಟೈನ್ ಸಾಮ್ರಾಜ್ಯದ ಗ್ರೀಕ್ ಕುಶಲಕರ್ಮಿಗಳು ಸಣ್ಣ ಸಣ್ಣ ಗಾಜಿನ ಚೂರು ಜೋಡಿಸಿ ಮಾಡಿದ ಮೊಸಾಯಿಕ್. ಬಂಗಾರದ ಹಾಳೆಯನ್ನು ಗಾಜಿನೊಳಗೆ ಸೇರಿಸಿ ಮಾಡಿದ ಚೂರುಗಳು ಅವು. ನೀನು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಗೋಡೆಯ ಹೊಳಪೂ ಸರಿಯುತ್ತದೆ. ಹತ್ತಿರ ಹೋಗಿ ಕತ್ತೆತ್ತಿದರೆ ಹಣೆಯ ಮೇಲೆ ಬಿದ್ದ ಎರಡು ಎಳೆ ಕೂದಲು ಕಾಣುತ್ತದೆ. ಇಡೀ ವಿಶ್ವದ ಒಡೆಯ ಅಂತ ತೋರಿಸಬೇಕಾದ ಚಿತ್ರದಲ್ಲಿ ಯಾರೋ ಆ ಎರಡು ಎಳೆಯನ್ನು ಹಾಗೆ ಬಿಟ್ಟಿದ್ದಾರೆ. ಮುಖದಲ್ಲಿ ಗದರಿಕೆ ಇಲ್ಲ. ಸ್ವಲ್ಪ ದಣಿದ, ಬಹಳ ಕರುಣೆಯ ಮುಖ. ಪಲೆರ್ಮೋ ಹತ್ತಿರದ ಮೊನ್ರಿಯಾಲೆ ಚರ್ಚಿನ ಮೊಸಾಯಿಕ್ ಇದಕ್ಕಿಂತ ಎಷ್ಟೋ ದೊಡ್ಡದು, ಅದು ನಿನ್ನ ಪಟ್ಟಿಯಲ್ಲಿ ಇದ್ದೇ ಇದೆ. ಆದರೆ ನನಗೆ ಇದೇ ಮೇಲು, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಈ ಕ್ರಿಸ್ತನ ಎಡಗೈಯಲ್ಲಿ ತೆರೆದ ಪುಸ್ತಕ ಇದೆ. ‘ನಾನೇ ಲೋಕದ ಬೆಳಕು’ ಅನ್ನುವ ವಾಕ್ಯ ಒಂದು ಪುಟದಲ್ಲಿ ಗ್ರೀಕ್‌ನಲ್ಲಿ, ಇನ್ನೊಂದರಲ್ಲಿ ಲ್ಯಾಟಿನ್‌ನಲ್ಲಿ. ರೋಜರನ ಆಸ್ಥಾನ ನಡೆಯುತ್ತಿದ್ದದ್ದೇ ಹಾಗೆ. ಗ್ರೀಕ್, ಲ್ಯಾಟಿನ್, ಅರಬ್ಬಿ ಮೂರರಲ್ಲೂ ಕಾಗದಪತ್ರ ಹೊರಡುತ್ತಿದ್ದವು. ಅಲ್ ಇದ್ರಿಸಿ ಅನ್ನುವ ಅರಬ್ ಭೂಗೋಳ ಪಂಡಿತ ಅವನಿಗಾಗಿಯೇ ಲೋಕದ ನಕ್ಷೆ ಬರೆದು ಕೊಟ್ಟ. ನಾರ್ಮನ್ ದೊರೆ, ಗ್ರೀಕ್ ಕೈಗಳ ಮೊಸಾಯಿಕ್, ಅರಬ್ ಶೈಲಿಯ ಚಿತ್ರಗಳಿರುವ ಮರದ ಚಾವಣಿ, ಎಲ್ಲ ಒಂದೇ ಸೂರಿನ ಕೆಳಗೆ ಸಿಗುತ್ತವೆ. ಪಲೆರ್ಮೋ, ಮೊನ್ರಿಯಾಲೆಗಳ ಜೊತೆ ಇದನ್ನೂ 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದ್ದು ಇದಕ್ಕಾಗಿಯೇ.

ರೋಜರ್ ತನ್ನ ಸಮಾಧಿಯೂ ಇಲ್ಲೇ ಆಗಬೇಕು ಅಂತ ಕೆಂಪು ಪಾರ್ಫಿರಿ ಕಲ್ಲಿನ ಎರಡು ಪೆಟ್ಟಿಗೆ ಇಡಿಸಿದ್ದ. ಆದರೆ 1154ರಲ್ಲಿ ತೀರಿಕೊಂಡಾಗ ಅವನನ್ನು ಪಲೆರ್ಮೋದಲ್ಲಿ ಹೂಳಿದರು. 1215ರಲ್ಲಿ ಮೊಮ್ಮಗ ಎರಡನೇ ಫ್ರೆಡರಿಕ್ ಆ ಎರಡು ಪೆಟ್ಟಿಗೆಗಳನ್ನೂ ಪಲೆರ್ಮೋಗೆ ಸಾಗಿಸಿಬಿಟ್ಟ. ಕೊನೆಗೆ ಒಂದರಲ್ಲಿ ಮಲಗಿದ್ದು ಫ್ರೆಡರಿಕ್ಕೇ. ಪಲೆರ್ಮೋದ ಕ್ಯಾಥೆಡ್ರಲ್‌ನಲ್ಲಿ ಆ ಸಮಾಧಿ ನೋಡಿದಾಗ ಈ ಊರಿನ ನೆನಪು ಮಾಡಿಕೋ. ಚರ್ಚಿನ ಪಕ್ಕದ ಕಂಬಸಾಲಿನ ಅಂಗಳಕ್ಕೂ ಒಮ್ಮೆ ಹೋಗಿ ಬಾ, ಜೋಡಿ ಕಂಬಗಳ ತಲೆಯ ಮೇಲೆ ನೋಹನ ನಾವೆಯ ಕೆತ್ತನೆ ಇದೆ. ಅಂದ ಹಾಗೆ, ಭುಜ ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಬೀಚಿನಿಂದ ನೇರ ಬಂದರೆ ಒಳಗೆ ಬಿಡುವುದಿಲ್ಲ.

ಈಗ ಎರಡನೇ ಮುಖ. ಚೌಕದ ಎದುರಿನ ಮಂದ್ರಾಲಿಸ್ಕ ಗಲ್ಲಿಗೆ ಇಳಿ, ಅದೇ ಹೆಸರಿನ ಮ್ಯೂಸಿಯಂ ಸಿಗುತ್ತದೆ. ಮುಕ್ಕಾಲು ಪಾಲು ಪ್ರವಾಸಿಗರು ಅದರ ಬಾಗಿಲ ಮುಂದೆಯೇ ಹಾದು ಸಮುದ್ರಕ್ಕೆ ಹೋಗುತ್ತಾರೆ, ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಳಗೆ ಅಂತೊನೆಲ್ಲೋ ದ ಮೆಸ್ಸಿನಾ ಅನ್ನುವ ಚಿತ್ರಕಾರ ಹದಿನೈದನೇ ಶತಮಾನದಲ್ಲಿ ಬರೆದ ಒಬ್ಬ ಅಪರಿಚಿತನ ಚಿತ್ರ ಇದೆ. ಅಗಲ ಎತ್ತರ ಒಂದು ಅಡಿ ಆದರೆ ಹೆಚ್ಚು. ಕಪ್ಪು ಟೋಪಿ, ಕಪ್ಪು ಅಂಗಿ, ಕತ್ತಿನ ಹತ್ತಿರ ಒಂದಿಷ್ಟು ಬಿಳಿ, ಹಿಂದೆಲ್ಲ ಕತ್ತಲು. ಆ ಕತ್ತಲಿನಿಂದ ಒಬ್ಬ ಮನುಷ್ಯ ಓರೆಗಣ್ಣಿನಿಂದ ನಿನ್ನನ್ನೇ ನೋಡಿ ನಗುತ್ತಾನೆ. ನಿನ್ನ ಬಗ್ಗೆ ಏನೋ ಗೊತ್ತಾದವನ ನಗು. ಒಂದು ದಿನದ ಗಡ್ಡವೂ ಕಾಣುತ್ತದೆ, ಅಷ್ಟು ಹತ್ತಿರದ ಚಿತ್ರ. ನಾವಿಕ ಅಂತ ಜನ ಕರೆಯುತ್ತಾರೆ, ಆದರೆ ಬಟ್ಟೆ ನೋಡಿದರೆ ಅನುಕೂಲಸ್ಥನಂತೆ ಇದ್ದಾನೆ.

ಅದನ್ನು ಊರಿಗೆ ತಂದವನು ಎನ್ರಿಕೋ ಪಿರಾಯ್ನೋ, ಮಂದ್ರಾಲಿಸ್ಕದ ಬ್ಯಾರನ್. 1809ರಲ್ಲಿ ಹುಟ್ಟಿ 1864ರಲ್ಲಿ ತೀರಿಕೊಂಡ. ಲಿಪಾರಿ ದ್ವೀಪದಲ್ಲಿ ಒಬ್ಬ ಔಷಧಿ ಅಂಗಡಿಯವನ ಹತ್ತಿರ ಈ ಹಲಗೆ ಸಿಕ್ಕಿತಂತೆ. ಆ ನಗು ಸಹಿಸಲಾಗದೆ ಅಂಗಡಿಯವನ ಮಗಳು ಚೂಪಾದದ್ದರಿಂದ ಕಣ್ಣು ತುಟಿ ಗೀರಿದ್ದಳು ಅನ್ನುವ ಕತೆ ಇದೆ. ಕತೆ ನಿಜವೋ ಸುಳ್ಳೋ, ಆ ನಗುವಿನ ಮುಂದೆ ನಿಂತಾಗ ನಂಬಬೇಕು ಅನ್ನಿಸುತ್ತದೆ. ಬ್ಯಾರನ್‌ಗೆ ಚಿಪ್ಪುಗಳ ಹುಚ್ಚು. ಸಾವಿರಾರು ಶಂಖ, ಕಪ್ಪೆಚಿಪ್ಪು, ಬಸವನಹುಳುವಿನ ಚಿಪ್ಪು ಕೂಡಿಹಾಕಿದ್ದಾನೆ, ನಿನ್ನ ಮಗಳು ಆ ಕೋಣೆ ಬಿಟ್ಟು ಬರುವುದಿಲ್ಲ ನೋಡು. ಕೂಡಿಟ್ಟದ್ದನ್ನೆಲ್ಲ ಅವನು ಊರಿಗೇ ಬಿಟ್ಟು ಹೋದ. ಹಾಗಾಗಿ ಆ ಮುಖ ಇವತ್ತಿಗೂ ರೋಮ್‌ಗೋ ಮಿಲಾನ್‌ಗೋ ಹೋಗದೆ ಇಲ್ಲೇ ಇದೆ.

ಅಲ್ಲೇ ಒಂದು ಮಣ್ಣಿನ ಪಾತ್ರೆ ಇದೆ, ಕ್ರಿಸ್ತಪೂರ್ವ 4ನೇ ಶತಮಾನದ್ದು. ಅದರ ಮೇಲೆ ಮೀನು ಮಾರುವವನೊಬ್ಬ ದೊಡ್ಡ ಟ್ಯೂನಾ ಮೀನು ಕತ್ತರಿಸಲು ಕತ್ತಿ ಎತ್ತಿದ್ದಾನೆ. ಎದುರಿಗೆ ಮುದಿ ಗಿರಾಕಿ, ಕೈಯಲ್ಲಿ ನಾಣ್ಯ. ಚೌಕಾಸಿ ನಡೆದಿರುವುದು ಇಬ್ಬರ ಮುಖದಲ್ಲೂ ಗೊತ್ತಾಗುತ್ತದೆ. ಅದನ್ನು ಬಿಡಬೇಡ.

ಅಮ್ಮನನ್ನು ಕರೆದುಕೊಂಡು ಹೋಗಲೇಬೇಕಾದ ಇನ್ನೊಂದು ಜಾಗ ಹಳೇ ಬಟ್ಟೆ ಒಗೆಯುವ ಕಟ್ಟೆ. ವಿತ್ತೋರಿಯೋ ಎಮಾನುವೆಲೆ ಬೀದಿಯಲ್ಲಿ ಬಾಗಿದ ಕಲ್ಲಿನ ಮೆಟ್ಟಿಲು ಇಳಿದರೆ ಮನೆಗಳ ಕೆಳಗೇ ಒಂದು ತಂಪಾದ ಗುಹೆಯಂಥ ಜಾಗ. ಚೆಫಲಿನೋ ಅನ್ನುವ ಸಣ್ಣ ನದಿಯ ನೀರು ಗೋಡೆಯ 22 ಕಬ್ಬಿಣದ ಬಾಯಿಗಳಿಂದ ಸುರಿಯುತ್ತದೆ, ಹೆಚ್ಚಿನವು ಸಿಂಹದ ಮುಖದವು. ಆ ನೀರು ಬೆಳ್ಳಿಗಿಂತ ಶುದ್ಧ, ಹಿಮಕ್ಕಿಂತ ತಣ್ಣಗೆ ಅಂತ ಕಲ್ಲಿನಲ್ಲಿ ಕೆತ್ತಿದ್ದಾರೆ. ಕೆಳಗೆ ಕಲ್ಲಿನ ತೊಟ್ಟಿಗಳು, ತೊಟ್ಟಿಗೆ ತಾಗಿ ಓರೆಯಾಗಿ ಇಳಿದ ಒಗೆಯುವ ಕಲ್ಲುಗಳು, ಥೇಟ್ ನಮ್ಮ ಹಿತ್ತಲಿನಲ್ಲಿ ಇದ್ದ ಹಾಗೇ. ಇಪ್ಪತ್ತನೇ ಶತಮಾನದಲ್ಲೂ ಊರಿನ ಹೆಂಗಸರು ಇಲ್ಲೇ ಒಗೆಯುತ್ತಿದ್ದರು. ತಲೆಮಾರುಗಟ್ಟಲೆ ಉಜ್ಜಿ ಉಜ್ಜಿ ಕಲ್ಲಿನ ಅಂಚು ನುಣ್ಣಗಾಗಿದೆ, ಕೈಯಿಟ್ಟು ನೋಡು. ನೀರು ಅಲ್ಲಿಂದ ಸೀದಾ ಸಮುದ್ರಕ್ಕೆ ಹೋಗುತ್ತದೆ.

ಬಂಡೆ ಹತ್ತುವ ಆಸೆ ನಿನಗೆ ಇದ್ದೇ ಇರುತ್ತದೆ. ‘ಲಾ ರೊಕ್ಕಾ’ 270 ಮೀಟರ್ ಎತ್ತರ. ಅಮ್ಮನಿಗೆ ಬೇಡ, ಮೆಟ್ಟಿಲು ಒರಟು, ನೆರಳು ಕಡಿಮೆ. ಉಳಿದುಕೊಂಡರೆ ಬೆಳಿಗ್ಗೆ ತೆರೆದ ಕೂಡಲೇ ನೀನು ಮಗಳು ಹತ್ತಿ ಬರಬಹುದು, ರಾತ್ರಿ ಉಳಿ ಅಂದದ್ದಕ್ಕೆ ಇದೂ ಒಂದು ಕಾರಣ. ನೀರು ತುಂಬ ತಗೊಂಡು ಹೋಗಿ. ಮಳೆ ಬಂದಿದ್ದರೆ ಕಲ್ಲು ಜಾರುತ್ತದೆ, ಆ ದಿನ ಬಿಟ್ಟುಬಿಡಿ. ಅರ್ಧ ದಾರಿಯಲ್ಲಿ ಡಯಾನಾ ದೇಗುಲ ಅಂತ ಕರೆಯುವ ದೊಡ್ಡ ಕಲ್ಲುಗಳ ಪ್ರಾಚೀನ ಕಟ್ಟಡ ಇದೆ. ಅಲ್ಲಿಂದ ಸ್ವಲ್ಪ ಮುಂದೆ ಹಳೇ ಕೋಟೆಗೋಡೆಯ ಹತ್ತಿರ ಹೋದರೆ ಸಾಕು, ಚರ್ಚಿನ ಎರಡು ಗೋಪುರ ಕಾಲ ಕೆಳಗೆ, ಕೆಂಪು ಹೆಂಚಿನ ಮನೆಗಳು, ಆಚೆ ಸಮುದ್ರ. ತುದಿಯ ಕೋಟೆಯಲ್ಲಿ ಉಳಿದಿರುವುದು ಪಾಳುಗೋಡೆ ಮಾತ್ರ.

ಊಟದ ಚಿಂತೆ ಬೇಡ. ಕಪೊನಾತಾ ಅಂದರೆ ಬದನೆಕಾಯಿ, ಟೊಮೆಟೊ, ಆಲಿವ್ ಹಾಕಿದ ಹುಳಿ ಸಿಹಿ ಪಲ್ಯ. ಅಮ್ಮನಿಗೆ ಖಂಡಿತ ಇಷ್ಟವಾಗುತ್ತದೆ. ಪಾನೆಲ್ಲೆ ಅಂದರೆ ಕಡಲೆ ಹಿಟ್ಟನ್ನು ಬೇಯಿಸಿ, ಬಿಲ್ಲೆ ಮಾಡಿ ಕರಿದದ್ದು. ಅದು ಪಲೆರ್ಮೋದ ಬೀದಿ ತಿಂಡಿ, ಇಲ್ಲೂ ಸಿಗುತ್ತದೆ. ‘ಸೆನ್ಸಾ ಕಾರ್ನೆ, ಸೆನ್ಸಾ ಪೇಷೆ’ ಅಂದರೆ ಮಾಂಸ ಬೇಡ, ಮೀನು ಬೇಡ ಅಂತ. ‘ಸೆನ್ಸಾ ಅಚ್ಚೂಗೆ’ ಅಂತಲೂ ಸೇರಿಸು, ಸಣ್ಣ ಉಪ್ಪುಮೀನನ್ನು ಅವರು ಸಾಸ್‌ನಲ್ಲಿ ಕರಗಿಸಿ ಬಿಡುತ್ತಾರೆ, ಕಣ್ಣಿಗೆ ಕಾಣುವುದೇ ಇಲ್ಲ. ಬೆಳಗಿನ ತಿಂಡಿಗೆ ಬಾದಾಮಿ ಅಥವಾ ನಿಂಬೆ ಗ್ರಾನಿತಾ, ಅಂದರೆ ಐಸಿನ ತರಿತರಿ ಸಿಹಿ, ಜೊತೆಗೆ ಬ್ರಿಯೋಷ್ ಅನ್ನುವ ಮೆತ್ತನೆ ಬನ್. ಬನ್‌ನಲ್ಲಿ ಮೊಟ್ಟೆ ಇರುತ್ತದೆ, ಅಮ್ಮನಿಗೆ ಗ್ರಾನಿತಾ ಮಾತ್ರ ಕೊಡಿಸು. ಬಿಲ್‌ನಲ್ಲಿ ‘ಕೊಪೆರ್ತೋ’ ಅಂತ ತಲೆಗಿಷ್ಟು ಹಾಕಿರುತ್ತಾರೆ, ಅದು ಅಲ್ಲಿನ ರೂಢಿ, ಮೋಸ ಅಲ್ಲ. ಮಧ್ಯಾಹ್ನ ಸಣ್ಣ ಅಂಗಡಿಗಳು ಬಾಗಿಲು ಹಾಕಿಕೊಳ್ಳುತ್ತವೆ. ಬೀಚಿಗೆ ಹೋಗಲು ಅದೇ ಸರಿಯಾದ ಹೊತ್ತು. ಹಳೇ ಊರಿನ ಪಕ್ಕದಲ್ಲೇ ಮರಳು ಇದೆ, ಉಚಿತವಾಗಿ ಕೂರುವ ಜಾಗವೂ ಇದೆ, ದುಡ್ಡು ಕೊಟ್ಟು ಕೊಡೆ ಕುರ್ಚಿ ತಗೊಳ್ಳುವ ಜಾಗವೂ ಇದೆ.

ಸಂಜೆ ಪೋರ್ತಾ ಪೆಸ್ಕಾರಾ ಅನ್ನುವ ಹಳೇ ಕಲ್ಲಿನ ಬಾಗಿಲಿನಿಂದ ಸಣ್ಣ ಬಂದರಿಗೆ ಇಳಿಯಿರಿ. ಆಗಸ್ಟ್ 6ರಂದು ಊರಿನ ದೇವರ ಹಬ್ಬಕ್ಕೆ ಸಮುದ್ರದ ಮೇಲೆ ಒಂದು ಜಾರುಕಂಬ ಅಡ್ಡ ಹಾಕುತ್ತಾರೆ. ಹುಡುಗರು ಅದರ ಮೇಲೆ ಓಡಿ ತುದಿಯ ಬಾವುಟ ಕಿತ್ತುಕೊಳ್ಳಬೇಕು, ಬಹುಪಾಲು ಎಲ್ಲರೂ ನೀರಿಗೆ ಬೀಳುತ್ತಾರೆ. ನಿನಗೆ ಅದು ಸಿಗುವುದಿಲ್ಲ, ಆದರೆ ಜನ ಮನೆಯಿಂದ ಹೊರಬಂದು ಅತ್ತಿಂದಿತ್ತ ಸುಮ್ನೆ ಅಡ್ಡಾಡುವುದು ಸೆಪ್ಟೆಂಬರಿನಲ್ಲೂ ಇರುತ್ತದೆ.

ಇನ್ನೊಂದು ದಿನ ಮಿಕ್ಕರೆ ಬೆಟ್ಟದ ಮೇಲಿನ ಕಸ್ತೆಲ್‌ಬುವೊನೋಗೆ ಬಸ್ಸಿದೆ. ಅಲ್ಲಿ ಆಶ್ ಮರದ ತೊಗಟೆ ಗೀರಿ, ಒಣಗಿದ ಸಿಹಿ ರಸವನ್ನು ಬಿಳಿ ಕಡ್ಡಿಗಳಾಗಿ ತೆಗೆಯುತ್ತಾರೆ. ಮನ್ನಾ ಅಂತ ಹೆಸರು. ನನಗೂ ಒಂದು ಪೊಟ್ಟಣ ತಾ.

ಮ್ಯೂಸಿಯಂ ಮತ್ತು ಬಂಡೆಯ ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹೊರಡುವ ಮುನ್ನ ಒಮ್ಮೆ ನೋಡಿಕೋ. ರೂಮ್ ಬುಕ್ ಮಾಡುವಾಗ ಲಿಫ್ಟ್ ಇದೆಯಾ ಅಂತ ಕೇಳು, ಹಳೇ ಊರಿನ ಮನೆಗಳಲ್ಲಿ ಮೆಟ್ಟಿಲು ಬಹಳ ಕಡಿದು, ಅಮ್ಮನ ಮೊಣಕಾಲಿಗೆ ಆಗುವುದಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಮ್ಯೂಸಿಯಂನಿಂದ ಹೊರಬಂದ ಕೂಡಲೇ ಫೋನ್ ಮಾಡು, ಆ ಮನುಷ್ಯ ಯಾಕೆ ನಗುತ್ತಿದ್ದಾನೆ ಅಂತ ನಿನಗೆ ಏನನ್ನಿಸಿತು ಹೇಳಬೇಕು.

ನಿನ್ನ ಗೆಳೆಯ