ವಿಕಿರಣ ಚಿಕಿತ್ಸೆ: ಯಂತ್ರ ಬಂತು, ನಡೆಸುವವರು?

ಮಾನ್ಯರೇ,

ಸರ್ಕಾರಿ ಆಸ್ಪತ್ರೆಗೆ ಕ್ಯಾನ್ಸರಿಗೆ ವಿಕಿರಣ ಕೊಡುವ ಹೊಸ ಯಂತ್ರ, ಲೀನಿಯರ್ ಆಕ್ಸಿಲರೇಟರ್, ಬಂದರೆ ಪತ್ರಿಕೆಗಳಲ್ಲಿ ಅದರ ಬೆಲೆ ಬರುತ್ತದೆ, ರಿಬ್ಬನ್ ಕತ್ತರಿಸಿದವರ ಹೆಸರೂ ಬರುತ್ತದೆ. ಅದನ್ನು ನಡೆಸಲು ಎಷ್ಟು ತಂತ್ರಜ್ಞರಿದ್ದಾರೆ, ವೈದ್ಯಕೀಯ ಭೌತವಿಜ್ಞಾನಿಯ ಹುದ್ದೆ ಭರ್ತಿಯಾಗಿದೆಯೇ ಎಂದು ಕೇಳುವವರು ಕಡಿಮೆ. ಪತ್ನಿಯ ಬಾಯಿ ಕ್ಯಾನ್ಸರಿಗೆ ‘ಕರೆಂಟ್ ಕೊಡಿಸಿದ’, ಅಂದರೆ ವಿಕಿರಣ ಚಿಕಿತ್ಸೆ ಕೊಡಿಸಿದ ಮೇಲೆ ನನಗೆ ಕಾಡುತ್ತಿರುವುದು ಈ ಪ್ರಶ್ನೆಯೇ.

ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ ವಿಕಿರಣ ಕೊಡುತ್ತಾರೆ. ವೈದ್ಯರು ಪರೀಕ್ಷಿಸುವುದು ಹೆಚ್ಚಾಗಿ ವಾರಕ್ಕೊಮ್ಮೆ. ದಿನವೂ ಎದುರಾಗುವವರು ರೇಡಿಯೋಥೆರಪಿ ತಂತ್ರಜ್ಞರು. ಮುಖಕ್ಕೆ ಅಚ್ಚು ಹಾಕಿದಂತೆ ಕೂರುವ ಪ್ಲಾಸ್ಟಿಕ್ ಜಾಲರಿಯ ಮಾಸ್ಕನ್ನು ಮೇಜಿಗೆ ಬಿಗಿದು, ಅದರ ಮೇಲಿನ ಗುರುತುಗಳನ್ನು ಲೇಸರ್ ಗೆರೆಗೆ ಹೊಂದಿಸಿ ಅವರು ಹೊರನಡೆಯುತ್ತಾರೆ. ‘ನನ್ನನ್ನು ಕಟ್ಟಿಹಾಕಿ ಇವರು ಓಡಿದರಲ್ಲ’ ಎಂದು ರೋಗಿ ಹೆದರುವುದು ಆಗಲೇ. ಅವರು ಹೊರಹೋಗುವುದಕ್ಕೆ ಕಾರಣವಿದೆ. ರೋಗಿಗೆ ಲೆಕ್ಕ ಹಾಕಿ, ಒಂದೇ ಜಾಗಕ್ಕೆ ಗುರಿಯಿಟ್ಟು ವಿಕಿರಣ ಕೊಡುತ್ತಾರೆ. ಆದರೆ ದಿನಕ್ಕೆ ಹತ್ತಾರು ಮಂದಿಗೆ ಚಿಕಿತ್ಸೆ ನೀಡುವವರು ಪ್ರತಿ ಸಲವೂ ಒಳಗೆ ನಿಂತರೆ ವಿಕಿರಣ ವರ್ಷವಿಡೀ ಅವರ ಮೈಗೆ ಸೇರುತ್ತಲೇ ಹೋಗುತ್ತದೆ. ದಪ್ಪ ಕಾಂಕ್ರೀಟ್ ಗೋಡೆಯ ಆಚೆ ಕುಳಿತರೂ ಕ್ಯಾಮೆರಾದಲ್ಲಿ ಅವರು ರೋಗಿಯನ್ನೇ ನೋಡುತ್ತಿರುತ್ತಾರೆ; ಕೈಯೆತ್ತಿದರೆ ಯಂತ್ರ ನಿಲ್ಲಿಸಿ ಬರುತ್ತಾರೆ. ಇದನ್ನು ವಿವರಿಸಲು ಎರಡು ನಿಮಿಷ ಸಾಕು. ಆ ಎರಡು ನಿಮಿಷವೂ ನಾವು ಹೋದ ಆಸ್ಪತ್ರೆಯ ಸಿಬ್ಬಂದಿಗೆ ಸಿಗುತ್ತಿರಲಿಲ್ಲ. ಕಾರಿಡಾರ್ ದಾಟಿದ ಸಾಲನ್ನು ಕಂಡವನು ಅವರನ್ನು ಹೇಗೆ ದೂರಲಿ?

ಹಾಗಿದ್ದೂ, ಪತ್ನಿಯ ಮಾಸ್ಕ್ ಸಡಿಲವಾಗಿದ್ದನ್ನು ಮೊದಲು ಗಮನಿಸಿದ್ದು ಒಬ್ಬ ತಂತ್ರಜ್ಞೆ. ಬಾಯಿಹುಣ್ಣಿನಿಂದ ಗಂಜಿಯೂ ಇಳಿಯದೆ ತೂಕ ಕಳೆದುಕೊಂಡರೆ ಮಾಸ್ಕ್ ಸಡಿಲವಾಗುತ್ತದೆ, ಗುರಿ ಕದಲಬಹುದು. ಕೆಲವೊಮ್ಮೆ ಮತ್ತೆ ಸ್ಕ್ಯಾನ್ ಮಾಡಿ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಆ ತಂತ್ರಜ್ಞೆ ಅಂದೇ ವೈದ್ಯರಿಗೆ ತಿಳಿಸಿದರು, ಆಹಾರತಜ್ಞರ ಬಳಿಗೂ ಕಳುಹಿಸಿದರು. ಚಿಕಿತ್ಸೆ ಅರ್ಧದಲ್ಲಿರುವಾಗಲೇ ಗುತ್ತಿಗೆ ಮುಗಿದು ಆಕೆ ಹೊರಟುಹೋದರು. ಬಂದ ಹೊಸಬರಿಗೆ ಇದಾವುದೂ ಗೊತ್ತಿರಲಿಲ್ಲ.

ಇನ್ನು ಭೌತವಿಜ್ಞಾನಿಗಳನ್ನು ಎಷ್ಟೋ ರೋಗಿಗಳು ನೋಡುವುದೇ ಇಲ್ಲ. ಗಡ್ಡೆಗೆ ಎಷ್ಟು ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ವಿಕಿರಣ ಬೇಕೆಂದು ವೈದ್ಯರು ಬರೆಯುತ್ತಾರೆ. ಬೆನ್ನುಹುರಿಗೆ ಅಪಾಯವಾಗದಂತೆ, ಜೊಲ್ಲುಗ್ರಂಥಿ ಆದಷ್ಟೂ ಉಳಿಯುವಂತೆ ಅದನ್ನು ತಲುಪಿಸುವ ಲೆಕ್ಕ ಇವರದು. ಯಂತ್ರ ಹೇಳಿದಷ್ಟೇ ವಿಕಿರಣ ಕೊಡುತ್ತಿದೆಯೇ ಎಂದು ಪರೀಕ್ಷಿಸುವ ಹೊಣೆಯೂ ಇವರದೇ. ಸ್ಕ್ಯಾನ್ ಆಗಿ ಎಷ್ಟು ದಿನವಾದರೂ ಚಿಕಿತ್ಸೆ ಶುರುವಾಗಲಿಲ್ಲವೆಂದು ಗೊಣಗುವ ನಮಗೆ, ಆ ದಿನಗಳಲ್ಲಿ ಒಳಗೆ ಏನು ನಡೆಯುತ್ತದೆಂದು ಯಾರೂ ಹೇಳಿರುವುದಿಲ್ಲ.

ವಿಕಿರಣ ಬಿದ್ದ ಚರ್ಮಕ್ಕೆ ಅರಿಶಿನ, ಎಣ್ಣೆ ಹಚ್ಚಬೇಡಿ ಎಂದು ಎಚ್ಚರಿಸಿದ್ದು ದಾದಿ. ಹೊರಗಿನಿಂದ ಕೊಡುವ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ, ಮೊಮ್ಮಗನನ್ನು ಧಾರಾಳವಾಗಿ ಎತ್ತಿಕೊಳ್ಳಿ ಎಂದದ್ದೂ ಅವರೇ. ಅಷ್ಟರಲ್ಲಿ ಪತ್ನಿ ಮಗುವನ್ನು ದೂರವಿಟ್ಟು ವಾರಗಳೇ ಕಳೆದಿದ್ದವು.

ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯು ರೇಡಿಯೋಥೆರಪಿ ತಂತ್ರಜ್ಞರನ್ನೂ ವೈದ್ಯಕೀಯ ಭೌತವಿಜ್ಞಾನಿಗಳನ್ನೂ ವೃತ್ತಿಪರರೆಂದು ಪಟ್ಟಿ ಮಾಡಿದೆ. ಕಾಗದದ ಮೇಲಿನ ಈ ಮನ್ನಣೆ ಚಿಕಿತ್ಸಾ ಕೊಠಡಿಯ ಬಾಗಿಲವರೆಗೂ ಬರಬೇಕು. ಯಾರು ಯಾವ ಕೆಲಸದವರು, ಯಾವ ತೊಂದರೆಯನ್ನು ಯಾರಿಗೆ ಹೇಳಬೇಕು ಎಂಬ ಒಂದು ಪುಟದ ಕನ್ನಡ ಹಾಳೆಯನ್ನು ಮೊದಲ ಸ್ಕ್ಯಾನಿನ ದಿನವೇ ರೋಗಿಯ ಕೈಗೆ ಕೊಡಲಿ. ಸಿಬ್ಬಂದಿಯ ಎದೆಯ ಮೇಲೆ ಹೆಸರೂ ಹುದ್ದೆಯೂ ಕನ್ನಡದಲ್ಲಿರಲಿ. ಆರೋಗ್ಯ ಇಲಾಖೆ ಈ ಹುದ್ದೆಗಳನ್ನು ಕಾಯಂ ಆಗಿ ತುಂಬಲಿ. ಅಲ್ಲಿಯವರೆಗೆ, ಗುತ್ತಿಗೆ ಮುಗಿಸಿ ಹೊರಡುವವರು ಪ್ರತಿ ರೋಗಿಯ ಸ್ಥಿತಿಯನ್ನು ಲಿಖಿತವಾಗಿ ಒಪ್ಪಿಸಿ ಹೋಗುವ ನಿಯಮವನ್ನಾದರೂ ತರಲಿ.

— ನಿವೃತ್ತ ಶಿಕ್ಷಕ, ಹಾವೇರಿ