ಪಾಸಾದವರ ಲೆಕ್ಕ ಇದೆ, ಕಲಿತವರ ಲೆಕ್ಕ ಎಲ್ಲಿ? ವಯಸ್ಕರ ಶಿಕ್ಷಣದ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ವಯಸ್ಕರ ಸಾಕ್ಷರತೆಯ ಮಾತು ಬಂದಾಗಲೆಲ್ಲ ನಿಮ್ಮ ಭಾಷಣದಲ್ಲಿ ಒಂದು ಅಂಕಿ ಬರುತ್ತದೆ. ಇಷ್ಟು ಲಕ್ಷ ಜನ ಪರೀಕ್ಷೆ ಬರೆದರು, ಅದರಲ್ಲಿ ಇಷ್ಟು ಲಕ್ಷ ಜನ ಪಾಸಾದರು. ಸಂಜೆ ಹೊತ್ತು ದೊಡ್ಡವರಿಗೆ ಓದು ಬರಹ ಹೇಳಿಕೊಡುವ ಸ್ವಯಂಸೇವಕಿ ನಾನು. ನಮ್ಮ ಕಲಿಕಾ ಕೇಂದ್ರದವರೂ ಆ ಅಂಕಿಯೊಳಗೆ ಇದ್ದಾರೆ. ಅದಕ್ಕೇ ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾರು ಎಷ್ಟು ಕಲಿತರು ಅಂತ ಆ ಅಂಕಿಯಿಂದ ನಿಮಗೆ ಗೊತ್ತಾಗುತ್ತದಾ? ನನಗಂತೂ ಗೊತ್ತಾಗುವುದಿಲ್ಲ.

ಇಬ್ಬರು ಕಲಿಕಾರ್ಥಿಗಳನ್ನು ತೆಗೆದುಕೊಳ್ಳಿ. ಒಬ್ಬರು ಚಿಕ್ಕಂದಿನಲ್ಲಿ ಮೂರ್ನಾಲ್ಕು ವರ್ಷ ಶಾಲೆಗೆ ಹೋಗಿ ಆಮೇಲೆ ಬಿಟ್ಟವರು. ಅಕ್ಷರ ಮಸುಕಾಗಿದೆ, ಮರೆತಿಲ್ಲ. ಕೇಂದ್ರಕ್ಕೆ ಬಂದ ದಿನವೇ ಪ್ರಶ್ನೆಪತ್ರಿಕೆ ಕೊಟ್ಟಿದ್ದರೂ ತಡವರಿಸುತ್ತ ಪಾಸಾಗುತ್ತಿದ್ದರು. ಇನ್ನೊಬ್ಬರು ಪೆನ್ಸಿಲ್ ಹಿಡಿದಿದ್ದೇ ಇಲ್ಲಿ. ಮೊದಮೊದಲು ಒಂದು ಗೆರೆ ಎಳೆಯಲೂ ಕೈ ನಡುಗುತ್ತಿತ್ತು. ಈಗ ಕಾಗುಣಿತ ಅರ್ಧ ಬರುತ್ತದೆ, ಒತ್ತಕ್ಷರ ಇಲ್ಲದ ಪದ ಓದುತ್ತಾರೆ, ಹೆಸರು ಬರೆಯುತ್ತಾರೆ, ನೂರರವರೆಗಿನ ಅಂಕಿ ಗುರುತಿಸುತ್ತಾರೆ. ಪರೀಕ್ಷೆಯಲ್ಲಿ ಫೇಲು. ನಿಮ್ಮ ಪಟ್ಟಿಯಲ್ಲಿ ಮೊದಲನೆಯವರು ಒಂದು, ಎರಡನೆಯವರು ಸೊನ್ನೆ. ಆದರೆ ನಮ್ಮ ಕೇಂದ್ರದಲ್ಲಿ ಜಾಸ್ತಿ ಪಾಠ ಆಗಿದ್ದು, ಜಾಸ್ತಿ ಕಲಿಕೆ ಆಗಿದ್ದು ಆ ಸೊನ್ನೆಯಲ್ಲೇ.

ನಾನು ಹೇಳಬೇಕಾಗಿರುವುದು ಇಷ್ಟೇ. ಎಲ್ಲಿಂದ ಶುರು ಮಾಡಿದರು ಅನ್ನೋದನ್ನು ಬರೆದಿಟ್ಟುಕೊಳ್ಳದೆ ಎಲ್ಲಿಗೆ ಬಂದರು ಅಂತ ಮಾತ್ರ ನೋಡಿದರೆ ಅದು ಪ್ರಗತಿಯ ಅಳತೆ ಅಲ್ಲ. ಮಗುವಿನ ತೂಕ ಒಂದೇ ಸಲ ನೋಡಿ ಅದು ಬೆಳೆಯುತ್ತಿದೆಯೋ ಇಲ್ಲವೋ ಅಂತ ಯಾರಾದರೂ ಹೇಳುತ್ತಾರಾ?

ಈಗಿನ ವ್ಯವಸ್ಥೆ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. 2022ರಿಂದ 2027ರವರೆಗಿನ ಕೇಂದ್ರ ಸರ್ಕಾರದ ಯೋಜನೆ ಇದು. ಹೆಸರು ಉಲ್ಲಾಸ್. 15 ವರ್ಷ ದಾಟಿದ, ಓದು ಬರಹ ಬಾರದ ಯಾರು ಬೇಕಾದರೂ ಸೇರಬಹುದು. ಕೊನೆಗೆ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನದ ಪರೀಕ್ಷೆ ಇರುತ್ತದೆ. ಓದು, ಬರಹ, ಲೆಕ್ಕ, ಒಂದೊಂದಕ್ಕೆ 50ರಂತೆ ಒಟ್ಟು 150 ಅಂಕ. ಒಂದೊಂದರಲ್ಲೂ ಶೇ 33 ಬಂದರೆ ಪಾಸು. ಪರೀಕ್ಷೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಓದು, ಬರಹ, ಲೆಕ್ಕವನ್ನು ಬೇರೆ ಬೇರೆ ಇಟ್ಟಿದ್ದು ತುಂಬ ಒಳ್ಳೆಯದು, ಯಾಕೆಂದರೆ ಬಾಯಿಲೆಕ್ಕದಲ್ಲಿ ನನ್ನನ್ನೇ ಸೋಲಿಸುವವರು ಓದಿನಲ್ಲಿ ಅಳುಕುವುದನ್ನು ದಿನಾ ನೋಡುತ್ತೇನೆ. ಪ್ರಮಾಣಪತ್ರ ಕೈಗೆ ಬಂದಾಗ ಅವರ ಮುಖ ನೋಡಬೇಕು, ಅದನ್ನು ಯಾರೂ ಕಿತ್ತುಕೊಳ್ಳಬಾರದು. ತಕರಾರು ಇರುವುದು ಆಮೇಲೆ. ಓದಿನಲ್ಲಿ 17 ಬಂದವರೂ 45 ಬಂದವರೂ ವರದಿ ಮೇಲಕ್ಕೆ ಹೋಗುವಷ್ಟರಲ್ಲಿ ಒಂದೇ ಆಗಿಬಿಡುತ್ತಾರೆ. ಇಬ್ಬರೂ ‘ನವಸಾಕ್ಷರರು’. ಪಾಸಿಗೆ ಸ್ವಲ್ಪದರಲ್ಲಿ ತಪ್ಪಿದವರು ಏನೂ ಅಲ್ಲ.

ಜನಗಣತಿಯ ಅಂಕಿ ಇದೆಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಅಲ್ಲಿ ಯಾರ ಕೈಗೂ ಪುಸ್ತಕ ಕೊಟ್ಟು ಓದಿಸುವುದಿಲ್ಲ. ಏಳು ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಿ ಬರೆಯಬಲ್ಲರೇ ಅಂತ ಕೇಳುತ್ತಾರೆ, ಮನೆಯ ಒಬ್ಬರು ಎಲ್ಲರ ಪರವಾಗಿ ಉತ್ತರ ಹೇಳುತ್ತಾರೆ. ನನ್ನ ಹೆಂಡತಿಗೆ ಓದೋಕೆ ಬರಲ್ಲ ಅಂತ ಬಾಗಿಲಲ್ಲಿ ನಿಂತು ಹೇಳೋಕೆ ಎಷ್ಟು ಜನಕ್ಕೆ ಮನಸ್ಸು ಬರುತ್ತದೆ? ರುಜು ಹಾಕಲು ಬಂದರೆ ಸಾಕು, ‘ಬರುತ್ತದೆ’ ಅಂತ ಬರೆಸಿಬಿಡುತ್ತಾರೆ.

ರುಜುವಿನ ಕಥೆಯನ್ನೂ ಹೇಳಿಬಿಡುತ್ತೇನೆ. ತುಂಬ ಜನರಿಗೆ ರುಜು ಒಂದು ಚಿತ್ರ. ಎಲ್ಲಿಂದ ಸುರುಳಿ ಶುರು, ಎಲ್ಲಿ ತಿರುಗಬೇಕು, ಕೊನೆಗೆ ಎಲ್ಲಿ ಗೆರೆ ಎಳೆಯಬೇಕು ಅನ್ನೋದು ಕೈಗೆ ಗೊತ್ತು. ಅದೇ ಹೆಸರಿನ ಎರಡನೇ ಅಕ್ಷರ ಮಾತ್ರ ಬರೆಯಿರಿ ಅಂದರೆ ಕೈ ನಿಂತುಹೋಗುತ್ತದೆ. ಮತ್ತೆ ಮೊದಲಿಂದ ಬಿಡಿಸಿಕೊಂಡು ಬರಬೇಕು. ಓದಿನಲ್ಲೂ ಹೀಗೇ ಆಗುತ್ತದೆ. ಪಾಠಪುಸ್ತಕ ತೆರೆದು ಓದಿ ಅಂದರೆ ಕೆಲವರು ಸರಾಗವಾಗಿ ಓದುತ್ತಾರೆ, ನೋಡಿದವರಿಗೆ ಖುಷಿಯಾಗಬೇಕು. ಆದರೆ ಬೆರಳು ನೋಡಿ. ಬಾಯಿ ನಾಲ್ಕನೇ ಪದದಲ್ಲಿದ್ದರೆ ಬೆರಳು ಇನ್ನೂ ಎರಡನೆಯದರ ಮೇಲೆ ಇರುತ್ತದೆ. ಪುಟದ ಚಿತ್ರ ಅಂಗೈಯಿಂದ ಮುಚ್ಚಿದರೆ ಓದು ನಿಂತೇಹೋಗುತ್ತದೆ. ಕೇಳಿ ಕೇಳಿ ಬಾಯಿಪಾಠ ಆಗಿದೆ, ಅಷ್ಟೇ. ಅದೇ ಪದಗಳನ್ನು ಹಿಂದೆ ಮುಂದೆ ಮಾಡಿ ಒಂದು ಚೀಟಿಯಲ್ಲಿ ಬರೆದುಕೊಟ್ಟು ಓದಿಸಿದರೆ ನಿಜ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ. ಇದಕ್ಕೆ 150 ಅಂಕದ ಪರೀಕ್ಷೆ ಬೇಡ, ಪಕ್ಕದಲ್ಲಿ ಕೂತು ನೋಡುವ ಒಬ್ಬ ಮನುಷ್ಯ ಬೇಕು.

ವೇಗದ ವಿಷಯಕ್ಕೆ ಬರೋಣ. 1988ರಲ್ಲಿ ಶುರುವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಒಂದು ಒಳ್ಳೆಯ ಕೆಲಸ ಮಾಡಿತ್ತು. ಸಾಕ್ಷರ ಅಂದರೆ ಏನು ಅಂತ ಬಿಡಿಸಿ ಬರೆದಿತ್ತು. ಪರಿಚಯದ ವಿಷಯವನ್ನು ಗಟ್ಟಿಯಾಗಿ ನಿಮಿಷಕ್ಕೆ 30 ಪದ ಓದಬೇಕು, ಮನಸ್ಸಿನಲ್ಲಿ 35. ನೋಡಿ ಬರೆಯುವುದು ನಿಮಿಷಕ್ಕೆ 7 ಪದ, ಉಕ್ತಲೇಖನ 5 ಪದ. ಆಗಿನ ಪಾಠಪುಸ್ತಕಗಳ ಒಳಗೇ ಅಲ್ಲಲ್ಲಿ ಪರೀಕ್ಷೆ ಇರುತ್ತಿತ್ತು, ಕಲಿಯುವವರು ತಾವೇ ಎಲ್ಲಿದ್ದೇವೆ ಅಂತ ನೋಡಿಕೊಳ್ಳಬಹುದಿತ್ತು. ಅದನ್ನು ಯಾಕೆ ಕೈಬಿಡಬೇಕು? ವೇಗ ಸುಮ್ನೆ ಶೋಕಿಗಲ್ಲ. ಒಂದೊಂದೇ ಅಕ್ಷರ ಜೋಡಿಸಿ ಓದುವವರಿಗೆ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಓದಿದ್ದು ಓದಿದ್ದೇ, ತಿಳಿದಿದ್ದು ಏನೂ ಇಲ್ಲ.

ಆದರೆ ಪದ ಎಣಿಸುವ ಲೆಕ್ಕ ಎಲ್ಲ ಭಾಷೆಗೂ ಒಂದೇ ಆಗಲಾರದು. ನಮ್ಮಲ್ಲಿ ‘ಮನೆ’ ಒಂದು ಪದ, ‘ಹೋಗಬೇಕಾಗಿದ್ದವರಿಗೆ’ ಅನ್ನೋದೂ ಒಂದು ಪದ. ವರ್ಣಮಾಲೆಯಲ್ಲಿ ಸುಮಾರು 50 ಅಕ್ಷರ ಇದ್ದರೂ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು ಆಗುತ್ತವೆ. ಒತ್ತಕ್ಷರದ ಮೆಟ್ಟಿಲಲ್ಲಿ ಎಷ್ಟು ಜನ ಸುಸ್ತಾಗಿ ಕೂರುತ್ತಾರೆ ಅಂತ ಯಾವ ಬೋಧಕರನ್ನು ಬೇಕಾದರೂ ಕೇಳಿ. ಹಾಗಾಗಿ ಕನ್ನಡದ ಮಟ್ಟಿಗೆ ಹಂತಗಳನ್ನು ಕನ್ನಡ ನೋಡಿಕೊಂಡೇ ಮಾಡಬೇಕು. ಸರಳ ಅಕ್ಷರ, ಕಾಗುಣಿತ, ಸಜಾತಿ ಒತ್ತು, ವಿಜಾತಿ ಒತ್ತು, ಆಮೇಲೆ ವಾಕ್ಯ, ಆಮೇಲೆ ಓದಿದ್ದನ್ನು ತಮ್ಮ ಮಾತಲ್ಲಿ ಹೇಳುವುದು. ಯಾರು ಯಾವ ಹಂತದಲ್ಲಿ ಎಷ್ಟು ದಿನ ನಿಂತರು ಅಂತ ಗೊತ್ತಾದರೆ ಪಾಠಪುಸ್ತಕ ಎಲ್ಲಿ ಅವಸರ ಮಾಡುತ್ತಿದೆ ಅನ್ನೋದೂ ಗೊತ್ತಾಗುತ್ತದೆ. ಪಾಸು ಫೇಲಿನ ಪಟ್ಟಿಯಿಂದ ಇದು ಯಾವತ್ತೂ ತಿಳಿಯುವುದಿಲ್ಲ.

ಬೇರೆಯವರು ಏನು ಮಾಡಿದ್ದಾರೆ ನೋಡಿ. ಅಮೆರಿಕದಲ್ಲಿ ಸರ್ಕಾರದ ದುಡ್ಡು ಪಡೆಯುವ ವಯಸ್ಕರ ತರಗತಿಗಳು ಸೇರಿದಾಗಲೇ ಒಂದು ಪರೀಕ್ಷೆ ಮಾಡಿ ಕಲಿಕಾರ್ಥಿ ಯಾವ ಹಂತದಲ್ಲಿದ್ದಾರೆ ಅಂತ ಬರೆದಿಡಬೇಕು. ಒಂದಷ್ಟು ಗಂಟೆ ಪಾಠ ಆದಮೇಲೆ ಮತ್ತೆ ಪರೀಕ್ಷೆ, ಹೋದ ಸಲದ ಪ್ರಶ್ನೆಪತ್ರಿಕೆ ಅಲ್ಲ, ಅದೇ ಮಟ್ಟದ ಬೇರೆಯದು. ಹಂತ ಏರಿದರೆ ಅದು ಲೆಕ್ಕಕ್ಕೆ. ಅಲ್ಲೂ ತೂತು ಇದೆ. ಎರಡನೇ ಪರೀಕ್ಷೆಗೆ ಮುಂಚೆ ಬಿಟ್ಟುಹೋದವರು ಏನು ಕಲಿತರು ಅಂತ ತಿಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಪ್ರಮಾಣಪತ್ರವಿಲ್ಲದ ವಯಸ್ಕರ ತರಗತಿಗಳಿಗೆ ಬೇರೆ ರೀತಿ. ಬಂದಾಗ ಎಲ್ಲಿದ್ದೀರಿ, ಏನು ಬೇಕು ಅಂತ ಕಲಿಯುವವರ ಜೊತೆ ಕೂತು ಬರೆದುಕೊಳ್ಳುತ್ತಾರೆ, ನಡುವೆ ನೋಡುತ್ತಾರೆ, ಕೊನೆಗೆ ಎಷ್ಟಾಯಿತು ಅಂತ ಇಬ್ಬರೂ ಸೇರಿ ದಾಖಲಿಸುತ್ತಾರೆ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಅನ್ನೋ ಕೂಟದವರ ವಯಸ್ಕರ ಕೌಶಲ ಸಮೀಕ್ಷೆಯಲ್ಲಿ ಸಾಕ್ಷರ, ನಿರಕ್ಷರ ಅನ್ನೋ ಎರಡೇ ಡಬ್ಬಿ ಇಲ್ಲವೇ ಇಲ್ಲ, ಹಂತಗಳಿವೆ. 2022–23ರಲ್ಲಿ 31 ದೇಶಗಳಲ್ಲಿ ನಡೆದ ಸುತ್ತಿನಲ್ಲಿ ಓದಿನ ಅತಿ ಕೆಳಗಿನ ಹಂತಗಳಲ್ಲಿ ಸರಾಸರಿ ಸುಮಾರು ನಾಲ್ವರಿಗೆ ಒಬ್ಬರು ಇದ್ದರು. ಹೆಚ್ಚಿನವು ಶ್ರೀಮಂತ ದೇಶಗಳು, ಶಾಲೆಗೆ ಹೋದ ಜನ! ಅವರು ಹಂತ ಹಂತವಾಗಿ ಅಳೆದಿದ್ದಕ್ಕೆ ಇದು ಗೊತ್ತಾಯಿತು. ನಾವು ಶೇ 95 ದಾಟಿದರೆ ಪೂರ್ಣ ಸಾಕ್ಷರ ಅಂತ ಘೋಷಿಸಿಬಿಡುತ್ತೇವೆ.

ಇನ್ನು ಕಲಿಯುವವರನ್ನೇ ಕೇಳಿ, ಯಾಕೆ ಬಂದಿರಿ ಅಂತ. 150 ಅಂಕಕ್ಕೆ ಅಂತ ಒಬ್ಬರೂ ಹೇಳುವುದಿಲ್ಲ. ಫೋನಿಗೆ ಬಂದ ಮೆಸೇಜು ಮೊಮ್ಮಗನ ಕೈಲಿ ಓದಿಸೋದು ಸಾಕಾಗಿದೆ ಅನ್ನುತ್ತಾರೆ. ಬ್ಯಾಂಕಿನ ಚಲನ್ ತಾವೇ ತುಂಬಬೇಕು ಅನ್ನುತ್ತಾರೆ. ನಮ್ಮಲ್ಲಿ ಒಬ್ಬರಿಗೆ ಇವತ್ತಿಗೂ ಒಂದು ಪ್ಯಾರಾ ಪೂರ್ತಿ ಓದಲು ಬರುವುದಿಲ್ಲ. ಆದರೆ ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಓರೆ ಮಾಡಿ ಹಿಡಿದು, ಒತ್ತಿ ಅಚ್ಚು ಹಾಕಿದ ತಿಂಗಳು ವರ್ಷ ಹುಡುಕಿ ಓದಿ, ‘ಇದರ ಡೇಟ್ ಮುಗಿದಿದೆ’ ಅಂತ ಪಕ್ಕಕ್ಕೆ ಇಡುತ್ತಾರೆ. ಬರುವಾಗ ಅವರಿಗೆ 6 ಯಾವುದು 9 ಯಾವುದು ಅಂತ ಗೊತ್ತಿರಲಿಲ್ಲ. ಇದನ್ನು ಬರೆಯೋಕೆ ನಿಮ್ಮ ನಮೂನೆಯಲ್ಲಿ ಒಂದು ಕಾಲಂ ಇದೆಯಾ ಸಚಿವರೇ?

ಕಾಲಂ ಇಲ್ಲದಿದ್ದರೆ ಏನಾಗುತ್ತದೆ ಅಂತಲೂ ಹೇಳುತ್ತೇನೆ, ಕೇಳೋಕೆ ಹಿತವಾಗಿರುವುದಿಲ್ಲ. ಗುರಿ ಮೇಲಿಂದ ಬರುತ್ತದೆ. ಇಷ್ಟು ಜನ ಸೇರಬೇಕು, ಇಷ್ಟು ಜನ ಪಾಸಾಗಬೇಕು. ಆಗ ಯಾವ ಕೇಂದ್ರವಾದರೂ ಬೇಗ ಪಾಸಾಗುವವರನ್ನೇ ಹುಡುಕುತ್ತದೆ, ಅಂದರೆ ಅರ್ಧ ಓದು ಬರುವವರನ್ನು. ನಿಧಾನಕ್ಕೆ ಕಲಿಯುವವರು, ವಯಸ್ಸಾದವರು, ಕಣ್ಣು ಮಂಜಾದವರು, ಮನೆಯಲ್ಲಿ ಬೇರೆ ಭಾಷೆ ಆಡುವವರು ಮೂಲೆ ಸೇರುತ್ತಾರೆ. ಯೋಜನೆ ಇರುವುದೇ ಅವರಿಗಾಗಿ ಅಲ್ವಾ? ನಡುವೆ ಬಿಟ್ಟುಹೋದವರ ಹೆಸರಂತೂ ಯಾವ ವರದಿಯಲ್ಲೂ ಕಾಣುವುದಿಲ್ಲ. ಸೇರಿದವರಲ್ಲಿ ಎಷ್ಟು ಜನ ಉಳಿದರು ಅಂತ ಹೇಳದೆ ಬರೆದವರಲ್ಲಿ ಶೇಕಡಾ ಇಷ್ಟು ಪಾಸು ಅನ್ನೋದು ಅರ್ಧ ಲೆಕ್ಕ.

ಮೊದಲ ದಿನವೇ ಪರೀಕ್ಷೆ ಅಂದರೆ ಜನ ಓಡಿಹೋಗುತ್ತಾರೆ ಅಂತ ನೀವು ಹೇಳಬಹುದು. ಈ ಮಾತನ್ನು ನಾನೂ ಒಪ್ಪುತ್ತೇನೆ. ಬಾಗಿಲ ತನಕ ಬಂದು ವಾಪಸ್ಸು ಹೋದವರು ಇದ್ದಾರೆ. ಓದು ಬಾರದ್ದು ಅವರಿಗೆ ಮೊದಲೇ ನಾಚಿಕೆಯ ವಿಷಯ, ಅದರ ಮೇಲೆ ಅಂಕ ಹಾಕಿದರೆ ಮುಗೀತು. ಹಾಗಾಗಿ ಅದನ್ನು ಪರೀಕ್ಷೆ ಅಂತ ಕರೆಯಲೇಬಾರದು. ಪಕ್ಕದಲ್ಲಿ ಕೂತು ಒಂದು ಕ್ಯಾಲೆಂಡರ್ ಹಾಳೆಯನ್ನೋ ಪತ್ರಿಕೆಯ ಪುಟವನ್ನೋ ಮುಂದಿಟ್ಟು, ಇದರಲ್ಲಿ ನಿಮಗೆ ಗೊತ್ತಿರೋದು ಏನೇನಿದೆ ಅಂತ ಕೇಳಿದರೆ ಸಾಕು. ಗೊತ್ತಿಲ್ಲದ್ದನ್ನು ಕೇಳಬೇಡಿ, ಗೊತ್ತಿರುವುದನ್ನು ಕೇಳಿ. ಹತ್ತು ನಿಮಿಷದಲ್ಲಿ ಅವರು ಯಾವ ಹಂತದವರು ಅಂತ ಬೋಧಕರಿಗೆ ತಿಳಿದುಹೋಗುತ್ತದೆ.

ಇನ್ನೊಂದು ತಕರಾರು ನಮ್ಮವರದ್ದೇ. ಸಂಬಳವಿಲ್ಲದ ಸ್ವಯಂಸೇವಕರು ನಾವು, ಇನ್ನೊಂದು ಫಾರಂ, ಇನ್ನೊಂದು ಆ್ಯಪ್ ಅಂದರೆ ಯಾರಿಗೂ ಬೇಡ. ಸರಿಯೇ. ಹಾಗಾಗಿ ಒಬ್ಬೊಬ್ಬರಿಗೆ ಒಂದೇ ಹಾಳೆ ಇರಲಿ. ಮೇಲೆ ಅವರು ಯಾಕೆ ಬಂದರು ಅಂತ ಅವರದೇ ಮಾತಲ್ಲಿ ಒಂದು ಸಾಲು. ಕೆಳಗೆ ಹಂತಗಳು, ದಾಟಿದ ದಿನ, ಅಷ್ಟರೊಳಗೆ ಆದ ಪಾಠದ ಗಂಟೆ. ಹಾಳೆ ಕಲಿಕಾರ್ಥಿಯ ಹತ್ತಿರವೇ ಇರಲಿ, ಅದು ಅವರದ್ದು. ಬೋಧಕರು ಬರೆದಿದ್ದು ನಿಜವೋ ಅಂತ ನೋಡಲು ಪ್ರತಿ ಕೇಂದ್ರಕ್ಕೂ ಅಧಿಕಾರಿ ಬರಬೇಕಿಲ್ಲ, ಕೆಲವು ಕೇಂದ್ರ ಚೀಟಿ ಎತ್ತಿ ಆರಿಸಿ, ಹೊರಗಿನವರನ್ನು ಕಳಿಸಿ, ಹೊಸ ಪಠ್ಯ ಓದಿಸಿ ನೋಡಿದರೆ ಸಾಕು. ತಪ್ಪು ಕಂಡರೆ ಬೋಧಕರಿಗೆ ನೋಟಿಸು ಕೊಡಬೇಡಿ. ನೋಟಿಸು ಬಂದ ಮರುದಿನದಿಂದ ಎಲ್ಲ ಹಾಳೆಗಳೂ ಚೆನ್ನಾಗಿ ಕಾಣಲು ಶುರುವಾಗುತ್ತವೆ.

ಪ್ರಮಾಣಪತ್ರ ಕೊಟ್ಟು ಆರು ತಿಂಗಳಾದ ಮೇಲೂ ಒಮ್ಮೆ ನೋಡಬೇಕು. ಓದಲು ಏನೂ ಸಿಗದೆ, ಬರೆಯುವ ಸಂದರ್ಭ ಬಾರದೆ, ಕಲಿತಿದ್ದು ಕರಗಿಹೋಗುವುದು ಈ ಕೆಲಸದ ಹಳೆಯ ಕಾಯಿಲೆ. ಪಾಸಾದವರಲ್ಲಿ ಅರ್ಧ ವರ್ಷದ ನಂತರ ಎಷ್ಟು ಜನ ಇನ್ನೂ ಓದುತ್ತಿದ್ದಾರೆ ಅನ್ನೋ ಅಂಕಿಯನ್ನು ನೀವು ಪ್ರಕಟಿಸಿದರೆ, ಅದು ಎಷ್ಟೇ ಚಿಕ್ಕದಿರಲಿ, ನಾನು ಈಗಿನ ಲಕ್ಷಗಳಿಗಿಂತ ಜಾಸ್ತಿ ನಂಬುತ್ತೇನೆ.

ಹೀಗೆ ಅಳೆದರೆ ಮೊದಲ ವರ್ಷ ನಿಮ್ಮ ಅಂಕಿ ಕುಸಿಯುತ್ತದೆ, ವಿರೋಧ ಪಕ್ಷದವರು ಅದನ್ನು ಹಿಡಿದು ಕೂಗಾಡುತ್ತಾರೆ, ಗೊತ್ತು. ಆದ್ದರಿಂದ ಇಡೀ ರಾಜ್ಯದಲ್ಲಿ ಒಟ್ಟಿಗೆ ಬೇಡ. ಒಂದು ತಾಲ್ಲೂಕಿನಲ್ಲಿ ಶುರು ಮಾಡಿ. ಹಂತಗಳ ಕರಡನ್ನು ಕಚೇರಿಯಲ್ಲಿ ಕೂತು ಬರೆಯುವ ಬದಲು ಬೋಧಕರನ್ನೂ ನಾಲ್ಕಾರು ಕಲಿಕಾರ್ಥಿಗಳನ್ನೂ ಕರೆಸಿ ಬರೆಸಿ. ಮುಂದಿನ ಪರೀಕ್ಷೆಯ ಸುತ್ತೋಲೆ ಹೊರಡುವ ಮುಂಚೆ ಅದರಲ್ಲಿ ‘ಸೇರಿದಾಗಿನ ಹಂತ’ ಅಂತ ಒಂದು ಕಾಲಂ ಸೇರಿಸಲು ಆಗುತ್ತದಾ ಇಲ್ಲವಾ, ಅಷ್ಟಕ್ಕಾದರೂ ಉತ್ತರ ಕೊಡಿ.

ಇಂತಿ,
ಒಬ್ಬ ಸ್ವಯಂಸೇವಕ ಬೋಧಕಿ