ಪುಟ್ಟ ಬಸ್ಸಿಗೆ ಮೋಟಾರ್ ಡ್ರಿಲ್ ಬೇಡ ಸ್ವಾಮಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ರಜೆಯಲ್ಲಿ ಮಕ್ಕಳಿಗೆ ಮಾಡೆಲ್ ಮಾಡುವುದನ್ನು ಕಲಿಸಿ ಅಂತ ಒಂದು ಬರಹ ಬಂದಿತ್ತು. ಓದಿ ಖುಷಿಯಾಯಿತು, ಈ ಹವ್ಯಾಸದ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಆದರೆ ತೂತು ಕೊರೆಯುವ ವಿಷಯವನ್ನು ‘ಒಂದು ಮಿನಿ ಮೋಟಾರ್ ಡ್ರಿಲ್ ಇದ್ದರೆ ಸಾಕು’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಲ್ಲ, ಅಲ್ಲೇ ನನ್ನ ತಕರಾರು. ಬೇಕಾಗಿರುವುದು ಮೋಟಾರ್ ಅಲ್ಲ, ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್. ಪಿನ್ ವೈಸ್ ಅನ್ನುತ್ತಾರೆ. ಪೆನ್ನಿಗಿಂತ ಚಿಕ್ಕದು. ನಮ್ಮ ಬಡಗಿಗಳ ಬೈರಿಗೆಯ ಮರಿ ಅಂದುಕೊಳ್ಳಿ.

ನಾನು ತುಮಕೂರಿನವನು. ದಿನಾ ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವವರಲ್ಲಿ ಒಬ್ಬ. ಭಾನುವಾರ ಮಾತ್ರ ಕೂತು ಸನ್‌ಬೋರ್ಡಿನಲ್ಲಿ (ಜಾಹೀರಾತು ಫಲಕಕ್ಕೆ ಬಳಸುವ ಪ್ಲಾಸ್ಟಿಕ್ ಹಲಗೆ) ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು ಮಾಡುತ್ತೇನೆ. ಫ್ಲೆಕ್ಸ್ ಅಂಗಡಿಯಲ್ಲಿ ಮಿಕ್ಕ ತುಂಡುಗಳೇ ಸಾಕು, ಕೇಳಿದರೆ ಸುಮ್ನೆ ಕೊಡುತ್ತಾರೆ. ಅಳತೆ 1:24. ಅಂದರೆ 12 ಮೀಟರ್ ಬಸ್ಸು ನನ್ನ ಮೇಜಿನ ಮೇಲೆ 50 ಸೆಂಟಿಮೀಟರ್. ಕನ್ನಡಿ ಹಿಡಿದಿರುವ ಒಂದು ಇಂಚಿನ ಪೈಪು ಇಲ್ಲಿ 1 ಮಿ.ಮೀ ತಂತಿ. ಆ ತಂತಿ ಕೂರುವ ತೂತು ತಪ್ಪಿ 2 ಮಿ.ಮೀ ಆಯಿತು ಅಂದರೆ ನಿಜವಾದ ಬಸ್ಸಿನ ಮೂತಿಗೆ ಸುಮಾರು 5 ಸೆಂ.ಮೀ ಅಗಲದ ಕನ್ನ ಕೊರೆದ ಹಾಗೆ!

ಮೋಟಾರ್ ಯಾಕೆ ಬೇಡ ಅಂದರೆ, ಅದರ ವೇಗ ಜಾಸ್ತಿ. ನಿಮಿಷಕ್ಕೆ ಸಾವಿರಾರು ಸುತ್ತು, ಕೆಲವು 30,000ದ ತನಕ ಹೋಗುತ್ತವೆ. ಆ ವೇಗದಲ್ಲಿ ಬಿಟ್ (ತುದಿಯಲ್ಲಿ ಕೊರೆಯುವ ಕಡ್ಡಿ) ಪ್ಲಾಸ್ಟಿಕ್ಕನ್ನು ಕೊರೆಯುವುದಕ್ಕಿಂತ ಕರಗಿಸುವುದೇ ಹೆಚ್ಚು. ಸನ್‌ಬೋರ್ಡ್ ಅಂದರೆ ಪಿವಿಸಿ, 80 ಡಿಗ್ರಿ ಹತ್ತಿರಕ್ಕೇ ಮೆತ್ತಗಾಗುತ್ತದೆ. ವಿಮಾನ, ಟ್ಯಾಂಕ್ ಕಿಟ್‌ಗಳಲ್ಲಿ ಬರುವ ಪಾಲಿಸ್ಟೈರೀನ್ 100 ಡಿಗ್ರಿ ಆಸುಪಾಸು. ಕೊನೆಗೆ ಕೈಗೆ ಸಿಗುವುದು ತೂತಿನ ಸುತ್ತ ಉಬ್ಬಿದ ಅಂಚು, ಬಿಟ್‌ಗೆ ಸುತ್ತಿಕೊಂಡ ಪ್ಲಾಸ್ಟಿಕ್ ಜಡೆ. ಕೈಯಲ್ಲಿ ತಿರುಗಿಸಿದರೆ ಕಿಟ್‌ನ ಪ್ಲಾಸ್ಟಿಕ್ ಪೆನ್ಸಿಲ್ ಹೆರೆದ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ, ಎಲ್ಲಿ ನಿಲ್ಲಿಸಬೇಕು ಅಂತ ಬೆರಳಿಗೇ ಗೊತ್ತಾಗುತ್ತದೆ.

ಸರಿ, ಕೈ ಡ್ರಿಲ್ಲೇ ತಗೊಳ್ಳೋಣ ಅಂದರೆ ಅಲ್ಲೂ ಮೋಸ ಹೋಗಬಹುದು. ನಾನು ಹೋದೆ. ಮೂರು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 249 ರೂಪಾಯಿಗೆ ಒಂದು ಡ್ರಿಲ್ ಹಿಡಿ, ಜೊತೆಗೆ 20 ಬಿಟ್ ಅಂತ ನೋಡಿದೆ. ಇಪ್ಪತ್ತು ಬಿಟ್ ನೋಡಿ ಬಾಯಿ ಬಿಟ್ಟೆ. ಮೊದಲ ಭಾನುವಾರವೇ ಮೂರು ಬಿಟ್ ಮುರಿದವು, ನಾಲ್ಕನೆಯದು ಮುರಿಯಲಿಲ್ಲ ಆದರೆ ತೂತು ಸೊಟ್ಟಗೆ ಹೋಯಿತು, ಬಸ್ಸಿನ ಎಡಗಡೆ ಕನ್ನಡಿ ರಸ್ತೆ ನೋಡುವ ಬದಲು ಆಕಾಶ ನೋಡಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ನೆನೆದು ನನ್ನ ಕೈಯನ್ನೇ ಬೈದುಕೊಂಡೆ. ಆಮೇಲೆ ನೋಡಿದರೆ ನೆಲ ನಿಜವಾಗಲೂ ಡೊಂಕಾಗಿತ್ತು.

ಅದನ್ನು ತೋರಿಸಿಕೊಟ್ಟವರು ನಮ್ಮ ಊರಿನ ಒಬ್ಬರು ವಾಚ್ ರಿಪೇರಿ ಯಜಮಾನರು. ತುಮಕೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತಲ್ಲ, ಅದರಲ್ಲಿ ದುಡಿದವರು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು, ಈಗ ಆ ಜಾಗ ಇಸ್ರೋ ಕೈಯಲ್ಲಿದೆ. ಕಾರ್ಖಾನೆ ಹೋದರೂ ಕೂದಲೆಳೆಯಷ್ಟು ತೂತು ಕೊರೆಯಬಲ್ಲ ಕೈಗಳು ಊರಿನಲ್ಲಿ ಇನ್ನೂ ಇವೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಯಜಮಾನರು ನನ್ನ ಹಿಡಿಯನ್ನು ತಗೊಂಡರು. ಬಿಟ್ ಕಿತ್ತು ಪಕ್ಕಕ್ಕಿಟ್ಟು, ಖಾಲಿ ಬಾಯನ್ನು ಬಿಗಿ ಮಾಡಿ, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ನೋಡಿದರು. ‘ಇದಕ್ಕೆ ಬಾಯಿ ಮುಚ್ಚಕ್ಕೇ ಬರಲ್ಲವಲ್ಲಪ್ಪ’ ಅಂದರು.

ಅಷ್ಟೇ ಸ್ವಾಮಿ ವಿಷಯ. ಈ ಉಪಕರಣದ ಜೀವ ಇರುವುದು ಬಿಟ್ ಹಿಡಿಯುವ ಬಾಯಲ್ಲಿ. ಅದಕ್ಕೆ ಕಾಲೆಟ್ ಅನ್ನುತ್ತಾರೆ, ನಾಲ್ಕು ಸೀಳಿರುವ ಪುಟ್ಟ ಕೊಳವೆ. ಮುಂದಿನ ಟೋಪಿ ತಿರುಗಿಸಿದರೆ ನಾಲ್ಕೂ ಹೋಳು ಒಳಕ್ಕೆ ಬಂದು ಬಿಟ್ಟನ್ನು ಕಚ್ಚಿಕೊಳ್ಳಬೇಕು. ಒಳ್ಳೆಯದರಲ್ಲಿ ಖಾಲಿ ಬಾಯಿ ಮುಚ್ಚಿದಾಗ ಸೀಳುಗಳು ಕೂಡಿಸುವ ಚಿಹ್ನೆಯ ಹಾಗೆ ಸಮನಾಗಿ ಕಾಣುತ್ತವೆ. ನನ್ನದರಲ್ಲಿ ಒಂದು ಸೀಳು ಅಗಲ, ಎದುರಿನದು ಕಿರಿದು, ನಡುವಿನ ತೂತು ಮೂಲೆಗೆ ಜಾರಿತ್ತು. ಹಾಗಿದ್ದರೆ ಬಿಟ್ ನಡುವೆ ಕೂರುವುದು ಹೇಗೆ? ಇನ್ನೊಂದು ಪರೀಕ್ಷೆ ಇನ್ನೂ ಸುಲಭ. 1 ಮಿ.ಮೀ ಬಿಟ್ ಹಾಕಿ ಬಿಗಿ ಮಾಡಿ, ಹಿಡಿಯನ್ನು ಗಾಜಿನ ಮೇಲೆ ಮಲಗಿಸಿ ಚಪಾತಿ ಲಟ್ಟಣಿಗೆಯ ಹಾಗೆ ನಿಧಾನವಾಗಿ ಉರುಳಿಸಿ. ಬಿಟ್ ತುದಿ ಮೇಲೆ ಕೆಳಗೆ ಹಾರಬಾರದು. ಹಾರಿದರೆ ಅಂಗಡಿಯವನಿಗೆ ಅಲ್ಲೇ ವಾಪಸ್ ಕೊಡಿ.

ಸಾಮಾನ್ಯವಾಗಿ ಎರಡು ಕಾಲೆಟ್ ಕೊಡುತ್ತಾರೆ, ಎರಡೂ ಹಿಂದುಮುಂದಾಗಿಯೂ ಹಾಕಬಹುದಾದಂಥವು, ಒಟ್ಟು ನಾಲ್ಕು ಅಳತೆ. ತೀರಾ ಸಣ್ಣದು ಪೂರ್ತಿ ಮುಚ್ಚುವಂತಿರಬೇಕು, ಇಲ್ಲದಿದ್ದರೆ 0.5 ಮಿ.ಮೀ ಬಿಟ್ ಒಳಗೇ ಜಾರುತ್ತದೆ, ನೀವು ಹಿಡಿ ತಿರುಗಿಸುತ್ತಲೇ ಇರುತ್ತೀರಿ, ಬಿಟ್ ಮಾತ್ರ ಆರಾಮಾಗಿ ನಿಂತಿರುತ್ತದೆ. ಕಾಲೆಟ್ ಉಕ್ಕಿನದೇ ಆಗಿರಲಿ. ಹಿಡಿ ಅಲ್ಯೂಮಿನಿಯಂ ಆದರೂ ಪರವಾಗಿಲ್ಲ, ಆದರೆ ಟೋಪಿಯ ತಿರುಪು (ಥ್ರೆಡ್) ಸಲೀಸಾಗಿ ಕೂರಬೇಕು, ಅಗ್ಗದ್ದು ನಾಲ್ಕು ತಿಂಗಳಲ್ಲಿ ಸವೆದು ಹೋಗುತ್ತದೆ. ಹಿಂದಿನ ತಲೆ ಅಂಗೈಗೆ ಒತ್ತಿಕೊಂಡು ಕೂರುವ ಭಾಗ. ಅದು ಗಿರ್ರನೆ ತಿರುಗಬೇಕು, ಆದರೆ ಅಲ್ಲಾಡಬಾರದು. ಬಣ್ಣ ನೋಡಿ ಮರುಳಾಗಬೇಡಿ.

ಬಿಟ್ ವಿಷಯಕ್ಕೆ ಬರುತ್ತೇನೆ. ಮಾರುಕಟ್ಟೆಯಲ್ಲಿ ಹತ್ತರ ಡಬ್ಬಿಯಲ್ಲಿ ಬಣ್ಣದ ಉಂಗುರ ಹಾಕಿದ ಬಿಟ್‌ಗಳು ಸಿಗುತ್ತವೆ, ಬುಡ ದಪ್ಪ, ತುದಿ ಸಪೂರ. ಅವು ತುಂಬಾ ಗಡಸಾದ ಕಾರ್ಬೈಡಿನವು, ಎಲೆಕ್ಟ್ರಾನಿಕ್ಸ್ ಬೋರ್ಡ್ ಕೊರೆಯುವ ಮೆಷಿನ್ನಿಗೆ ಮಾಡಿದ್ದು. ಹರಿತ ಚೆನ್ನಾಗಿದೆ, ಒಪ್ಪುತ್ತೇನೆ. ಬುಡ 3.175 ಮಿ.ಮೀ ಇರುವುದರಿಂದ ಕಾಲೆಟ್ ಸ್ವಲ್ಪ ಕಳಪೆಯಾದರೂ ನೇರವಾಗಿ ಕೂರುತ್ತವೆ. ಆದರೆ ಗಾಜಿನ ಗುಣ. ಕೈ ಎಳ್ಳಷ್ಟು ಪಕ್ಕಕ್ಕೆ ವಾಲಿದರೆ ಟಪ್ ಅಂತ ಮುರಿದು ಕಣ್ಣಿಗೆ ಹಾರಬಹುದು. ಕೈಕೆಲಸಕ್ಕೆ ಹೈಸ್ಪೀಡ್ ಸ್ಟೀಲ್ ಅನ್ನುವ ಉಕ್ಕಿನ ಬಿಟ್ಟೇ ವಾಸಿ, ಕೊಂಚ ಬಾಗುತ್ತದೆ. ಅದೂ ಸೆಟ್ ಬೇಡ, ಬಿಡಿ ತಗೊಳ್ಳಿ. ನನ್ನ ಎಲ್ಲ ಬಸ್ಸಿಗೆ 0.5, 0.8, 1, ಮತ್ತೆ ಹೆಡ್‌ಲೈಟ್ ಎಲ್‌ಇಡಿಗೆ 3 ಮಿ.ಮೀ, ಇಷ್ಟೇ ಬೇಕಾಗಿದ್ದು. 0.5 ಮಾತ್ರ ನಾಲ್ಕೈದು ಇಟ್ಟುಕೊಳ್ಳಿ, ಅದು ಮುರಿಯುವುದಕ್ಕೇ ಹುಟ್ಟಿದೆ. ಆ ಇಪ್ಪತ್ತರ ಡಬ್ಬಿಯ ಅರ್ಧ ಬಿಟ್ ಇವತ್ತಿಗೂ ಹಾಗೇ ಕೂತಿವೆ.

ಒತ್ತಿ ತಿರುಗಿಸುವ ಸುರುಳಿ ಕಂಬಿಯ ಡ್ರಿಲ್ ಕೂಡ ಸಿಗುತ್ತದೆ, ನೋಡಲು ಮಜವಾಗಿದೆ, ಮಕ್ಕಳಿಗೆ ಇಷ್ಟ ಆಗುತ್ತದೆ. ಆದರೆ ಹಿಂದೆ ಮುಂದೆ ಎರಡೂ ಕಡೆ ತಿರುಗುವುದರಿಂದ ಕೊರೆಯುವುದು ಅರ್ಧ ಹೊತ್ತು ಮಾತ್ರ, ಕೈಯೂ ಅಲುಗುತ್ತದೆ. ಸಣ್ಣ ಬಿಟ್‌ಗೆ ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಯಜಮಾನರು ನನಗೆ ಕೊಟ್ಟಿದ್ದು ಅವರ ಹಳೇ ಹಿತ್ತಾಳೆ ಹಿಡಿಯದು, ಒಂದು ವಾರಕ್ಕೆ ಮಾತ್ರ. ಸೂಜಿಯಿಂದ ಮೊದಲು ಚುಕ್ಕೆ ಒತ್ತಿಸಿದರು, ಬಿಟ್ ಜಾರದಿರಲಿ ಅಂತ. ಬಿಟ್‌ಗೆ ಮೇಣ ಸವರಿಸಿದರು. ನಾನು ಹಳೇ ಅಭ್ಯಾಸಕ್ಕೆ ಅಂಗೈ ಭಾರ ಹಾಕಿದೆ. ‘ಒತ್ತಬೇಡ, ತಿರುಗಿಸು ಸಾಕು. ಅದೇ ದಾರಿ ಮಾಡ್ಕೊಂಡು ಹೋಗುತ್ತೆ’ ಅಂದರು. ಎರಡು ಸುತ್ತು ತಿರುಗಿಸುವುದು, ಹೊರಗೆ ತೆಗೆದು ಪುಡಿ ಊದುವುದು, ಮತ್ತೆ ಎರಡು ಸುತ್ತು. 3 ಮಿ.ಮೀ ಸನ್‌ಬೋರ್ಡ್ ದಾಟಲು ಒಂದು ನಿಮಿಷವೂ ಹಿಡಿಯಲಿಲ್ಲ. ತಂತಿ ಹಾಕಿ ನೋಡಿದೆ, ಅಂಟು ಹಾಕುವ ಮೊದಲೇ ಅಲುಗದೆ ನಿಂತಿತು.

ಆಮೇಲೆ ನನ್ನದೇ ಒಂದು ಬೇಕು ಅಂತ ತುಮಕೂರಿನಲ್ಲೆಲ್ಲ ಹುಡುಕಿದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಗೋಡೆ ಕೊರೆಯುವ 6 ಮಿ.ಮೀ ಬಿಟ್ ಬೇಕಾದಷ್ಟು, 1ಕ್ಕಿಂತ ಕೆಳಗಿನದು ಕೇಳಿದರೆ ‘ಹೊಲಿಗೆ ಸೂಜಿ ಬೇಕಾ?’ ಅಂತ ನಕ್ಕರು. ಪಕ್ಕದ ವಸಂತನರಸಾಪುರದಲ್ಲಿ ಅಷ್ಟು ಕಾರ್ಖಾನೆಗಳು, ಎಂಜಿನಿಯರಿಂಗ್ ಕಾಲೇಜುಗಳೂ ಇರುವ ಊರು ಇದು. ಕೊನೆಗೆ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ, ಜೇಬಿನಲ್ಲಿ ಇಟ್ಟುಕೊಂಡಿದ್ದ ಗಾಜಿನ ತುಂಡಿನ ಮೇಲೆ ಉರುಳಿಸಿ ನೋಡಿ ತಂದೆ. ಜಪಾನಿನ ತಮಿಯಾ ಕಂಪನಿಯ ಹಿಡಿ 0.1ರಿಂದ 3.2 ಮಿ.ಮೀ ತನಕ ಹಿಡಿಯುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ, ಆದರೆ ಮಕ್ಕಳಿಗೆ ಮೊದಲ ಸಲಕ್ಕೆ ಅಷ್ಟು ಬೆಲೆ ಕೊಡಿ ಅಂತ ನಾನು ಹೇಳುವುದಿಲ್ಲ. ಊರಿನ ಒಂದೇ ಒಂದು ಅಂಗಡಿಯವರು ಸಣ್ಣ ಬಿಟ್‌ಗಳನ್ನು ಬಿಡಿಯಾಗಿ ಇಟ್ಟರೆ ಸಾಕು. ನಾನಂತೂ ತಿಂಗಳಿಗೊಂದು ಮುರಿಯುವ ಗಿರಾಕಿ.

ನಿಮ್ಮ ಪುರವಣಿಯ ಫೋಟೋದಲ್ಲಿ ಆ ಹುಡುಗ ಮೋಟಾರ್ ಡ್ರಿಲ್ ಹಿಡಿದು ಕನ್ನಡಕ ಇಲ್ಲದೆ ಬಗ್ಗಿ ಕೂತಿದ್ದಾನೆ. ಮುಂದಿನ ಸಲ ಅದನ್ನಾದರೂ ನೋಡಿಕೊಳ್ಳಿ.

ನನ್ನ ಮೊದಲ ಬಸ್ಸು ಇನ್ನೂ ಟಿವಿ ಪಕ್ಕ ಇದೆ, ಎಡಗಡೆ ಕನ್ನಡಿ ಸೊಟ್ಟಗೇ ಇದೆ. ಸರಿ ಮಾಡುತ್ತೇನೆ ಅಂದರೆ ಮಗಳು ಬಿಡುವುದಿಲ್ಲ. ‘ನಿಜವಾದ ಬಸ್ಸಲ್ಲೂ ಹಂಗೇ ಇರುತ್ತಲ್ಲಪ್ಪ’ ಅನ್ನುತ್ತಾಳೆ.

— ಒಬ್ಬ ಓದುಗ, ತುಮಕೂರು